ಕಪ್ಪು ಪುಡಿಯ ಕುಪ್ಪಿ

ವಿನಿಫ್ರೆಡ್ ಆಕ್ರಾಯ್ಡ್‌ಳ ಎಡಗೈಯಲ್ಲಿ ಮೂರೇ ಬೆರಳು. ಯಾರ್ಕ್‌ಶೈರಿನ ಆ ಗಿರಣಿ ಊರಿನ ಶಾಲೆಯಲ್ಲಿ ಪ್ರಯೋಗಶಾಲೆಯ ಕೆಲಸಕ್ಕೆ ಸೇರಿದ ಮೂರನೇ ತಿಂಗಳಿಗೇ ಗಾಜಿನ ಬುರುಡೆಯೊಂದು ಸಿಡಿದು, ಅವಳ ಎರಡು ಬೆರಳನ್ನೂ ಆಗಿನ ವಿಜ್ಞಾನ ಮೇಷ್ಟರ ಒಂದು ಕಣ್ಣನ್ನೂ ಒಂದೇ ಏಟಿಗೆ ಒಯ್ದಿತ್ತು. ಮೇಷ್ಟರು ಪಿಂಚಣಿ ತಗೊಂಡು ಹೋದರು. ವಿನಿ ಒಂದು ನೇಮ ಹಿಡಿದು ಉಳಿದಳು: ಯಾವ ಪುಡಿಗೆ ಯಾವುದನ್ನು ಬೆರೆಸುವುದಿದ್ದರೂ ಮೊದಲು ಚಿಟಿಕೆಯಷ್ಟನ್ನು ದಪ್ಪ ಗಾಜಿನ ಹಿಂದೆ ಕಾಯಿಸಿ ನೋಡುವುದು. ಇಪ್ಪತ್ತೆರಡು ವರ್ಷ ಅದು ತಪ್ಪಿರಲಿಲ್ಲ.

ತಪ್ಪಿದ್ದು ಚಹಾದಿಂದ. ಪೋಷಕರ ದಿನ ಬಂತೆಂದರೆ ಶಾಲೆಯ ಹೆಂಗಸರೆಲ್ಲ, ಯಾವ ಕೆಲಸದವರೇ ಆಗಲಿ, ಆಡಳಿತ ಮಂಡಳಿಯವರಿಗೆ ಚಹಾ ಬಗ್ಗಿಸಬೇಕು. ಅತ್ತ ವಿನಿ ಕೇಕು ಹಂಚುತ್ತಿದ್ದರೆ ಇತ್ತ ಈಗಿನ ವಿಜ್ಞಾನದ ಗ್ರೀನ್‌ವುಡ್ ಮೇಷ್ಟರು ಪೋಷಕರೆದುರು ತಾವೇ ಆಮ್ಲಜನಕ ತಯಾರಿಸಿ ತೋರಿಸಲು ನಿಂತರು. ಬಿಳಿ ಕ್ಲೋರೇಟಿಗೆ ಕಪ್ಪು ಮ್ಯಾಂಗನೀಸ್ ಪುಡಿ ಬೆರೆಸಿ ಕಾಯಿಸಿದರೆ ಅನಿಲ ಗುಳುಗುಳು ಹೊರಡುತ್ತದೆ. ಕಪ್ಪು ಪುಡಿ ವೇಗವರ್ಧಕ. ತಾನು ಎಳ್ಳಷ್ಟೂ ಸವೆಯದೆ ಇನ್ನೊಬ್ಬರನ್ನು ಓಡಿಸುವ ಜಾತಿ. ಹೆಡ್‌ಮಾಸ್ಟರಿಗೆ ಬಹಳ ಮೆಚ್ಚಿನ ಪಾಠ.

ವಿನಿ ಚಹಾದ ಕೆಟಲು ಹಿಡಿದೇ ಪ್ರಯೋಗಶಾಲೆಯೊಳಗೆ ಬಂದಳು. ಮುಂದಿನ ಬೆಂಚಿನಲ್ಲಿ ಹನ್ನೊಂದು ಮಕ್ಕಳು ಮೇಜಿನಂಚಿಗೆ ಗಲ್ಲವಿಟ್ಟು ಕೂತಿದ್ದವು. ಬುರುಡೆಯಡಿ ಜ್ವಾಲೆ. ಪಕ್ಕದಲ್ಲಿ ತೆರೆದ ಕುಪ್ಪಿಯ ಬಾಯಿಂದ ಕಪ್ಪು ದೂಳು ಹಗುರಾಗಿ ತೇಲುತ್ತಿತ್ತು. ಮ್ಯಾಂಗನೀಸ್ ಭಾರ, ಅದು ಹೀಗೆ ತೇಲುವುದಿಲ್ಲ.

"ಸಾರ್, ಚಿಟಿಕೆ ನೋಡಿದ್ರಾ?"

"ಚಹಾ ಆ ಕಡೆ, ಮಿಸೆಸ್ ಆಕ್ರಾಯ್ಡ್. ಇಲ್ಲಿ ಕುಡಿಯೋಂಥದ್ದು ಏನೂ ಇಲ್ಲ."

ಸಭೆ ನಕ್ಕಿತು.

"ಅದು ಇದ್ದಿಲ ಪುಡಿ ಸಾರ್! ಡ್ರಾಯಿಂಗ್ ಮೇಷ್ಟ್ರು ಖಾಲಿ ಕುಪ್ಪಿ ಇಸ್ಕೊಂಡ್ ಹೋಗಿದ್ರು, ಮ್ಯಾಂಗನೀಸ್ ಚೀಟಿ ಕೀಳದೆ ತುಂಬಿಟ್ಟಿದಾರೆ. ಕ್ಲೋರೇಟ್ ಜೊತೆ ಕಾದ್ರೆ ಸಿಡಿಯತ್ತೆ, ಉರಿ ಆರ್ಸಿ!"

"ಬಾಟ್ಲು ತೊಳೆಯೋಳು ನಂಗೆ ಪಾಠ ಹೇಳ್ತೀಯಾ? ನಡಿ ಆಚೆ!"

ಅವರು ಅವಳ ಎಡ ಮುಂಗೈ ಹಿಡಿದು ತಿರುಚಿದರು. ಮೂಳೆ ಲಟಕ್ಕೆಂದಿತು. ಬುರುಡೆಯೊಳಗೆ ನೇರಳೆ ಕಿಡಿಯೊಂದು ಚಿಟ್ಟೆಂದದ್ದು ಅವಳಿಗೆ ಮಾತ್ರ ಕಂಡಿತು. ವಿನಿ ಕೆಟಲನ್ನೆತ್ತಿ ಮೇಷ್ಟರ ಮೂಗಿಗೇ ಬೀಸಿದಳು. ರಕ್ತ, ಚಹಾ, ಎರಡೂ ಬಿಳಿ ಕೋಟಿನ ಮೇಲೆ ಇಳಿದವು. ಮೇಷ್ಟರು ಕುಸಿದರು. ಅವಳು ಸ್ಟ್ಯಾಂಡಿನ ಸಮೇತ ಬುರುಡೆಯನ್ನು ಕಿತ್ತು ಕಿಟಕಿಯಾಚೆ ಎಸೆದಳು.

"ಬಗ್ಗ್ರೋ!"

ಅಂಗಳದ ಮೇಲೆ ಅದು ಸಿಡಿಯಿತು. ಸೈಕಲ್ ಶೆಡ್ಡಿನ ತಗಡು ಹಾರಿತು. ಕಿಟಕಿ ಚೌಕಟ್ಟಿನ ಸಮೇತ ಒಳಗೆ ಬಂತು. ಗಾಜಿನ ಚೂರು ವಿನಿಯ ಕೆನ್ನೆ ಸೀಳಿ ಕುತ್ತಿಗೆಯಲ್ಲಿ ನಾಟಿತು.

ಆಮೇಲೆ ನಿಶ್ಶಬ್ದ. ಮಕ್ಕಳ ಬಾಯಿಗಳು ತೆರೆದಿದ್ದವು, ಚೀತ್ಕಾರವಿರಲಿಲ್ಲ. ತನ್ನ ಕಿವಿಗಳೇ ಹೋಗಿವೆಯೆಂದು ಅವಳಿಗೆ ನಿಧಾನಕ್ಕೆ ಹೊಳೆಯಿತು.

ಹೆಡ್‌ಮಾಸ್ಟರ್ ಬಂದು ತುಟಿ ಆಡಿಸಿದರು. ಹದಿಮೂರಕ್ಕೇ ಗಿರಣಿ ಸೇರಿ ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ತುಟಿ ಓದುವುದೇನು ಮಹಾ? ಮೇಷ್ಟರ ಮೇಲೆ ಕೈಮಾಡಿದ್ದಕ್ಕೆ ಈಗಲೇ ಕ್ಷಮೆ ಕೇಳು, ಇಲ್ಲ ನಾಳೆಯಿಂದ ಬರಬೇಡ ಎನ್ನುತ್ತಿದ್ದರು.

"ಒಂದಕ್ಷರ ಕೇಳಿಸ್ತಿಲ್ಲ ಸಾರ್!" ಎಂದು ಕಿರುಚಿ ಅವಳು ಮುಖ ತಿರುಗಿಸಿದಳು.

ಬೆಂಚಿನ ಬಳಿ, ಪೋಷಕರ ನಡುವಿಂದ ಬಂದ ನೇಯ್ಗೆಯ ಹೆಂಗಸೊಬ್ಬಳು ಮಕ್ಕಳ ತಲೆಗಳನ್ನು ಒಂದೊಂದಾಗಿ ಸವರುತ್ತಿದ್ದಳು. ಕೊನೆಗೆ ಗಿರಣಿಯಲ್ಲಿ ಮಾಡುವಂತೆ ಸದ್ದಿಲ್ಲದೆ, ಬಾಯಿ ಅಗಲಿಸಿ ಹೇಳಿದಳು:

"ಹನ್ನೊಂದೂ ಇದಾವೆ ಕಣೇ."

ರಕ್ತ ಉಗುಳಿ, ವಿನಿಯೂ ತುಟಿಯಲ್ಲೇ ಅಂದಳು:

"ಇನ್ನೊಂದ್ಸಲ ಎಣಿಸು."