ನೀಲಮ್ಮ ಬಾಯಾರು ಬರೆಸಿದ ಲಸಿಕೆಯ ಪತ್ರಗಳು

ನೀಲಮ್ಮ ಬಾಯಾರು ಕಣ್ಣು ಮುಚ್ಚಿಕೊಂಡೇ ಬರೆಸುತ್ತಿದ್ದರು. ನಿದ್ದೆ ಹತ್ತಿತೇನೋ ಎಂದು ನಾನು ಕೀಲಿಮಣೆಯಿಂದ ಕೈ ತೆಗೆದರೆ, "ಯಾಕ ನಿಂತಿ ಸುನಂದಾ? ಎಚ್ಚರ ಇದ್ದೇನಿ, ಬರಿ" ಎನ್ನುತ್ತಿದ್ದರು. "ಸಾರ್ವಜನಿಕರು" ಎಂಬ ಪದ ಅವರಿಗೆ ಆಗುತ್ತಿರಲಿಲ್ಲ. "ಹಂಗ ಬರದ್ರ ಯಾರೂ ಕಣ್ಣಿಗೆ ಕಾಣೂದಿಲ್ಲ. ನರ್ಸು, ಕಸಾ ಹೊಡಿಯಾಕಿ, ಆಂಬುಲೆನ್ಸ್ ಡ್ರೈವರ್ ಅಂತ ಬಿಡಿಸಿ ಬರಿ."

ಅವರು ಸೈನ್ಯದ ಲಸಿಕೆ ಸಂಶೋಧನಾಲಯದಲ್ಲಿ ದುಡಿದು ನಿವೃತ್ತರಾದ ವೈದ್ಯೆ. ಶತ್ರುಗಳು ರೋಗಾಣು ಹರಡಿದರೆ ಸೈನಿಕರನ್ನು ಉಳಿಸುವುದು ಹೇಗೆ ಎಂಬುದರಲ್ಲೇ ಆಯುಷ್ಯ ಕಳೆದವರು. ಮಾಳಮಡ್ಡಿಯ ಮನೆಗೆ ಬಂದು ನೆಲೆಸಿದ ಮೇಲೂ ಒಂದು ಸಮಿತಿಯ ಕೆಲಸ ಬೆನ್ನು ಬಿಟ್ಟಿರಲಿಲ್ಲ. ಅಂಥ ಆಪತ್ತಿಗೆಂದು ಕೂಡಿಟ್ಟ ಲಸಿಕೆ ಮೊದಲು ಯಾರಿಗೆ ಸಿಗಬೇಕು ಎಂದು ಆ ಸಮಿತಿ ಹೇಳಬೇಕಿತ್ತು. ಅವರ ಕೈ ನಡುಗುತ್ತಿದ್ದುದರಿಂದ ಟೈಪು ಮಾಡಲು ನಾನು ವಾರಕ್ಕೆರಡು ಸಲ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ.

ಸೈನ್ಯದಲ್ಲಿ ಅವರಿಗೆ ಬರಬೇಕಿದ್ದ ಬಡ್ತಿಯೊಂದು ತಪ್ಪಿತ್ತು; ಯಾಕೆಂದು ಒಮ್ಮೆ ಕೇಳಿದ್ದೆ. ಹೊಸ ಲಸಿಕೆಯ ಪ್ರಯೋಗಕ್ಕೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಎಲ್ಲರೂ ಒಪ್ಪಿದ್ದಾರೆ ಎಂದು ಅಧಿಕಾರಿ ಹೇಳಿದನಂತೆ. ಬಾಯಾರು ಅವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಮತ್ತೆ ಕೇಳಿದರು. ಇಬ್ಬರು ತಲೆ ತಗ್ಗಿಸಿ ಬೇಡವೆಂದರು. ಒಬ್ಬನ ಹೆಂಡತಿಗೆ ದಿನ ತುಂಬಿತ್ತು. ಇನ್ನೊಬ್ಬನಿಗೆ ಬರೀ ಹೆದರಿಕೆ. ಆ ಇಬ್ಬರು ಯಾರೆಂದು ಅಧಿಕಾರಿಗೆ ತಿಳಿಯಬಾರದೆಂದು ಬಾಯಾರು ಆ ದಿನದ ಪ್ರಯೋಗವನ್ನೇ ನಿಲ್ಲಿಸಿಬಿಟ್ಟರು.

"ಹೆದರೂದು ತಪ್ಪಲ್ಲ ವಾ. ಹೆದರಿಕಿ ಐತಿ ಅಂತ ಹೇಳಾಕ ಬರದಂಗ ಮಾಡೂದು ತಪ್ಪು" ಎಂದಿದ್ದರು.

ಸಮಿತಿಯ ಕರಡಿನಲ್ಲಿ ಮೊದಲ ಸರದಿ ಸೈನ್ಯದ್ದು. ಆಸ್ಪತ್ರೆಯವರ ಸುದ್ದಿಯೇ ಇರಲಿಲ್ಲ. ಅದನ್ನು ಓದಿ ಮುಗಿಸಿದಾಗ ಬಾಯಾರು, "ನಿಮ್ಮಕ್ಕ ಏನ್ ಕೆಲಸಾ ಮಾಡ್ತಾಳ?" ಎಂದು ಕೇಳಿದರು.

"ಸುಳ್ಳ ಹಳ್ಳಿಯಿಂದ ದಿನಾ ಹುಬ್ಬಳ್ಳಿ ದವಾಖಾನಿಗೆ ಬರ್ತಾಳ್ರಿ. ಸೋಂಕಿನ ವಾರ್ಡ್ ಒರಸ್ತಾಳ್ರಿ."

"ಮೊದಲನೇ ರೋಗಿ ಬಂದು ಬೀಳೂದು ಅಕಿ ಒರಸೂ ನೆಲದ ಮ್ಯಾಲ. ಗಡಿ ಅಲ್ಲೂ ಐತಿ. ಬರಿ."

ಹಾಗೆ ಬರೆದು ಕಳಿಸಿದ ಆಕ್ಷೇಪಣೆ ಮೂರು ಸಲ ಮರಳಿ ಬಂತು. ಸಮಿತಿಯ ಅಧ್ಯಕ್ಷರು ಫೋನು ಮಾಡಿ, ಸೈನ್ಯದಲ್ಲಿದ್ದವರೇ ಹೀಗೆಂದರೆ ಹೇಗೆ ಎಂದರಂತೆ. "ಇದ್ದಾಕಿ ಅಂತನ ಹೇಳಾಕತ್ತೇನಿ. ನರ್ಸ್ ಮಲಗಿದ್ರ ಸೈನಿಕನ್ನ ನೋಡಾವ್ರು ಯಾರ್ರಿ?" ಎಂದರು ಬಾಯಾರು. ಫೋನು ಇಟ್ಟರು. "ಹೇಳಿದ್ದನ್ನ ಹೇಳಿ ಹೇಳಿ ಸಾಕಾಗೇತಿ ವಾ" ಎಂದರು. ಆಮೇಲೆ ನಾಲ್ಕನೆಯ ಪತ್ರ ಬರೆಸಿದರು.

ಕೊನೆಯ ಸಲ ಹೋದಾಗ ಅಂತಿಮ ನೀತಿ ಬಂದಿತ್ತು. ಪಟ್ಟಿಯಲ್ಲಿ ಆಸ್ಪತ್ರೆಯ ಸಿಬ್ಬಂದಿಯನ್ನೂ ಸೇರಿಸಿದ್ದರು. ಪಕ್ಕದಲ್ಲಿ "ದಾಸ್ತಾನು ಉಳಿದಲ್ಲಿ" ಎಂಬ ಎರಡು ಪದ.

"ಉಳದ್ರ ಅಂತೇನ?" ಬಾಯಾರು ಸಣ್ಣಗೆ ನಕ್ಕರು. "ಮತ್ತೊಂದು ಪತ್ರ ಹಾಕಬೇಕು. ಇವತ್ತ ಆಗೂದಿಲ್ಲ, ಸೋಮವಾರ ಬಾ." ಯಾವಾಗಲೂ ಗೇಟಿನವರೆಗೆ ಬರುತ್ತಿದ್ದವರು ಅಂದು ಕುರ್ಚಿಯಿಂದ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ಮರುದಿನ ಪತ್ರವನ್ನು ನಾನೇ ಬರೆದೆ. ಆ ಎರಡು ಪದ ತೆಗೆಯಬೇಕೆಂದು ಕೇಳಿದೆ. ಸಹಿಯ ಕೆಳಗೆ ಯಾವ ಹುದ್ದೆ ಹಾಕಬೇಕೋ ತಿಳಿಯಲಿಲ್ಲ. ಟೈಪು ಮಾಡುವವಳು ಎಂದಷ್ಟೇ ಬರೆದು ಅಂಚೆಗೆ ಹಾಕಿದೆ. ಉತ್ತರ ಬಂದಿಲ್ಲ. ಮೊನ್ನೆ ಇನ್ನೊಂದು ಹಾಕಿದ್ದೇನೆ.