ಸೋಮನಿಂಗ ಜೋಡಿ ಕಟ್ಟಿದ ಸರ್ವರ್

ಇಂಡಿ ಊರಿನ ದನದ ಪೇಟೆಯ ದಲಾಲಿ ಸೋಮನಿಂಗನಿಗೆ ಎತ್ತಿನ ಬಾಲ ತೋರಿಸಿದರೆ ಸಾಕಿತ್ತು. ಅದರ ಅಪ್ಪ ಯಾವ ಊರಿನ ಹೋರಿ, ಅಜ್ಜ ಯಾರನ್ನು ಹಾಯ್ದು ಯಾವ ಹಳ್ಳಕ್ಕೆ ಕೆಡವಿತ್ತು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎತ್ತುಗಳು ತಮ್ಮ ಅಪ್ಪ ಯಾರೆಂಬ ಸಂಶಯ ಬಂದರೆ ಕಣ್ಣಿ ಹರಿದುಕೊಂಡು ಇವನ ಮನೆಗೇ ಬರುತ್ತಿದ್ದವು ಎಂದು ಜನ ಹೇಳುತ್ತಾರೆ. ಜನ ಹೇಳುವುದರಲ್ಲಿ ಅರ್ಧ ಸುಳ್ಳು. ಉಳಿದರ್ಧ ಸೋಮನಿಂಗನೇ ಹೇಳಿದ್ದು.

2006ರ ಬೇಸಿಗೆಯಲ್ಲಿ ಅವನು ಪೇಟೆಯ ನಡುವೆ ನಿಂತು ಮುಳವಾಡದ ಒಂದು ಹೋರಿಗೆ ತಪ್ಪು ಅಪ್ಪನ ಹೆಸರು ಹೇಳಿಬಿಟ್ಟ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ತಪ್ಪು ಹೊಳೆಯಿತು. ಎತ್ತಿನ ಬೆಲೆ ಮಾತಾಡುವುದು ಟವೆಲ್ಲಿನ ಕೆಳಗೆ, ಬೆರಳು ಹಿಡಿದು. ದಲಾಲಿಗೆ ಮರೆವು ಬಂದಿದೆ ಎಂದು ತಿಳಿದರೆ ಅವನ ಟವೆಲ್ಲಿನ ಕೆಳಗೆ ನೊಣವೂ ಕೈಯಿಡುವುದಿಲ್ಲ.

ಈ ಗುಟ್ಟನ್ನು ಅವನು ಹೇಳಿದ್ದು ಅಣ್ಣನ ಮಗಳು ವಿಜಯಶ್ರೀಗೆ. ಅವಳು ಊರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಅವಳ ಮನೆ ಇವನ ಮನೆಯ ಗೋಡೆಗೇ ಹೊಂದಿತ್ತು.

“ನಾ ಹೇಳ್ತೇನಿ, ನೀ ವಹಿಯೊಳಗ ಬರ್ಕೊಳ್ಳವಾ. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ವಹಿ ಇಲಿ ತಿಂತಾವ ಕಾಕಾ. ಮನ್ಯಾಗ ಒಂದು ಸರ್ವರ್ ಇಡೂಣು. ಎತ್ತಿನ ಫೋಟೊ, ವಂಶಾವಳಿ ಎಲ್ಲಾ ಅದರಾಗ ಇರ್ತಾವ. ನಮ್ಮನಿ ಕಂಪ್ಯೂಟರಿನ್ಯಾಗ ನಾ ಬರ್ದದ್ದು ನಿಮ್ಮನಿ ಕಂಪ್ಯೂಟರಿನ್ಯಾಗ ನಿನಗ ಕಾಣತೈತಿ.”

“ಅಂದ್ರ ಎರಡು ಮನಿಗೆ ಒಂದ ಬಾವಿ.”

“ಬಾವಿ ಅಂದಮ್ಯಾಲ ಬೀಳವರೂ ಇರ್ತಾರ,” ಎಂದು ಒಳಗಿನಿಂದ ಅವನ ಹೆಂಡತಿ ಸಾವಂತ್ರವ್ವ ಕೂಗಿದಳು.

ಇಬ್ಬರೂ ವಿಜಾಪುರಕ್ಕೆ ಹೋದರು. ಕಂಪ್ಯೂಟರ್ ಅಂಗಡಿಯ ಕಲ್ಮೇಶ ಒಂದು ಹೊಸ ಡಬ್ಬಿ ತೋರಿಸಿದ. ಎತ್ತರ ನೋಡಿದರೆ ಏಣಿ ಹಚ್ಚಿ ಏರಬೇಕು. ಹೊಟ್ಟೆಯಲ್ಲಿ ನೀಲಿ ದೀಪ, ಬೆನ್ನಿಗೆ ಮೂರು ಫ್ಯಾನು, ಸದ್ದು ಹಿಟ್ಟಿನ ಗಿರಣಿಯದು. ಸೋಮನಿಂಗ ಅದನ್ನು ಒಂದು ಸುತ್ತು ಹಾಕಿ, ಪಕ್ಕೆ ತಟ್ಟಿ, ಹಿಂದೆ ಅಂಗೈ ಹಿಡಿದ.

“ಉಸಿರು ಬಿಸಿ ಐತಿ. ಎಷ್ಟ ತಿಂತೈತಿ?”

“ಏನ್ರಿ?”

“ಕರೆಂಟೋ ತಮ್ಮಾ.”

“ಐದನೂರು ವ್ಯಾಟಿನ ಸಪ್ಲೈ ಐತ್ರಿ ಕಾಕಾರ. ಗೇಮ್ ಆಡಾಕ ಭಾರಿ!”

“ಇದು ಹಗಲೂ ರಾತ್ರಿ ಕಟ್ಟಿದಲ್ಲೆ ನಿಂದ್ರೂ ದನ, ಶರ್ಯತ್ತಿಗೆ ಓಡೂದಲ್ಲ. ಕಮ್ಮಿ ತಿಂದು ಸುಮ್ಮನ ಇರೂದು ತೋರ್ಸು.”

ಮೂಲೆಯಲ್ಲಿ ಯಾವುದೋ ಆಫೀಸಿನಿಂದ ನಿವೃತ್ತಿಯಾಗಿ ಬಂದ ಹಳೆಯ ಪೆಂಟಿಯಂ-ಮೂರು ಕಂಪ್ಯೂಟರ್ ಕುಳಿತಿತ್ತು. ಎರಡು ಮನೆಗೆ ಫೈಲು ಹಂಚಲು ಇಷ್ಟು ಸಾಕು, ಒಂದಿಷ್ಟು ರ್‍ಯಾಮ್ ಹೆಚ್ಚಿಸಿದರಾಯಿತು ಎಂದಳು ವಿಜಯಶ್ರೀ. ಸೋಮನಿಂಗ ಪೇಟೆಯ ಪದ್ಧತಿ ಬಿಡಲಿಲ್ಲ: ನಾಲ್ಕು ದಿನ ಮನೆಯಲ್ಲಿ ಹೂಡಿ ನೋಡಿ ಆಮೇಲೆ ವ್ಯಾಪಾರ. ಕಂಪ್ಯೂಟರನ್ನು ಉಳುಮೆಗೆ ಒಯ್ದು ನೋಡುವ ಗಿರಾಕಿಯನ್ನು ಕಲ್ಮೇಶ ಕಂಡಿರಲಿಲ್ಲ, ಬೆರಗಿನಲ್ಲಿ ಕೊಟ್ಟೇಬಿಟ್ಟ.

“ಇದಕ್ಕ ಲಿನಕ್ಸ್ ಅನ್ನೂ ಸಾಫ್ಟವೇರ್ ಹಾಕ್ತೇನಿ ಕಾಕಾ, ಪುಕ್ಕಟೆ ಸಿಗತೈತಿ.”

“ಪುಕ್ಕಟೆ ಎತ್ತು ಒದೀತೈತಿ.”

“ಒದ್ಯಾಂಗಿಲ್ಲ. ವಿಂಡೋಸ್ ಹಾಕಿದ್ರ ಈ ಮುದುಕನ ನಡಾ ಮುರೀತೈತಿ. ಲಿನಕ್ಸಿಗೆ ಪರದೆ, ಕೀಬೋರ್ಡ್ ಸೈತ ಬ್ಯಾಡ. ನಮ್ಮನ್ಯಾಗ ಕುಂತ ಮೂಗುದಾರ ಜಗ್ತೇನಿ.”

ಕರೆಂಟು ಹೋದಾಗ ಇರಲೆಂದು ಟ್ರ್ಯಾಕ್ಟರ್ ಬ್ಯಾಟರಿಗೆ ಇನ್ವರ್ಟರ್ ಹೂಡಿದರು. ಜಗಳವಾದದ್ದು ಎಲ್ಲವನ್ನೂ ಬರೆದಿಡುವ ಡಿಸ್ಕಿನ ವಿಷಯಕ್ಕೆ. ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯುವಂತೆ ಮಾಡುವುದು ವಿಜಯಶ್ರೀಯ ಲೆಕ್ಕ. ಒಂದು ಸತ್ತರೆ ಇನ್ನೊಂದು ಇರುತ್ತದೆ. “ಬ್ಯಾರೆ ಬ್ಯಾರೆ ಕಂಪನೀವು ತಗೊಳ್ಳೂಣು,” ಎಂದಳು.

ಸೋಮನಿಂಗ ಕಿವಿ ಮುಚ್ಚಿಕೊಂಡ. “ಇಂಡಿ ಪೇಟ್ಯಾಗ ನಲವತ್ತು ವರ್ಸ ಜೋಡಿ ಕಟ್ಟೇನಿ. ಕೋಡು ಕೋಡಿಗೆ ಕೂಡಬೇಕು, ಹಲ್ಲು ಹಲ್ಲಿಗೆ ಕೂಡಬೇಕು. ಬೆರಕೆ ಜೋಡಿ ಕಟ್ಟಿದ ಅಂತ ನನ್ನ ಮಾರಿಗೆ ಉಗಳ್ತಾರ!” ಒಂದೇ ಕಂಪನಿಯ, ಒಂದೇ ಪೆಟ್ಟಿಗೆಯ, ಒಂದೇ ದಿನ ತಯಾರಾದ ಎರಡು ಡಿಸ್ಕು ಆರಿಸಿ ತಂದು, ಕುಂಕುಮ ಹಚ್ಚಿ ಒಳಗೆ ಹೂಡಿಸಿದ.

ಒಂದು ವರ್ಷ ಸರ್ವರ್ ಎತ್ತಿನಂತೆ ದುಡಿಯಿತು. ಪೇಟೆಗೆ ಹೊರಡುವ ಮುಂಚೆ ಸೋಮನಿಂಗ ಪರದೆ ನೋಡಿ ವಂಶಾವಳಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದ. ಮರುವರ್ಷದ ಬಿಸಿಲಿಗೆ ಕಾಗೆಗಳು ಕೊಡೆ ಕೇಳುತ್ತಿದ್ದಾಗ ಒಂದು ಡಿಸ್ಕು ಸತ್ತಿತು.

“ಇನ್ನೊಂದರಾಗ ಎಲ್ಲಾ ಐತಿ, ಐತವಾರ ಹೊಸಾದು ತಂದ್ರಾತು,” ಎಂದಳು ವಿಜಯಶ್ರೀ.

ಸೋಮನಿಂಗ ಟವೆಲ್ಲು ಹೆಗಲಿಗೇರಿಸಿದ. “ಜೋಡಿಯೊಳಗ ಒಂದು ಹೋದ್ರ ಇನ್ನೊಂದು ಮೇವು ಬಿಡತೈತಿ.”

“ಇದು ಕಬ್ಬಿಣ ಕಾಕಾ!”

ಅವನು ಆಗಲೇ ಬಸ್ಸಿನಲ್ಲಿದ್ದ. ಮಧ್ಯಾಹ್ನಕ್ಕೆ ಬೇರೆ ಕಂಪನಿಯ, ಬೇರೆ ಬಣ್ಣದ ಡಿಸ್ಕು ಹಿಡಿದು ಬಂದ. ನಕಲು ಸುರುವಾಯಿತು. ಹಳೆಯ ಡಿಸ್ಕು ಕಟಕ್ ಕಟಕ್ ಎಂದು ಹಲ್ಲು ಕಡಿಯತೊಡಗಿತು. ಸಾವಂತ್ರವ್ವ ಮೊರದಿಂದ ಗಾಳಿ ಬೀಸಿದಳು. ಸೋಮನಿಂಗ ಡಬ್ಬಿಯ ಬೆನ್ನು ಸವರುತ್ತ “ಹೋ ಹೋ, ಇನ್ನೊಂದೀಟ ಜಗ್ಗಪಾ” ಎನ್ನುತ್ತಿದ್ದ. ಸಿಂದಗಿಯ ಎತ್ತುಗಳು ದಾಟಿದವು, ಮುದ್ದೇಬಿಹಾಳದವು ದಾಟಿದವು. ಕೊನೆಯ ಫೋಲ್ಡರು ಗೊಳಸಂಗಿಯದು. ಅಲ್ಲಿ ಡಿಸ್ಕು ಪ್ರಾಣ ಬಿಟ್ಟಿತು.

“ಒಂದ ದಿನ ಹುಟ್ಟಿದವು, ರೋಗಾನೂ ಒಂದ,” ಎಂದಳು ವಿಜಯಶ್ರೀ. “ಇರ್ಲಿ, ಐತವಾರದ ತನಕಾ ತಡದಿದ್ರ ಎಲ್ಲಾ ಹೋಗ್ತಿತ್ತು. ಗೊಳಸಂಗೀದು ಇನ್ನೊಮ್ಮೆ ಹೇಳು.”

ಸೋಮನಿಂಗ ಕಣ್ಣು ಮುಚ್ಚಿ ಹುಡುಕಿದ. ಆ ಊರಿನ ನಲವತ್ತು ಎತ್ತುಗಳಲ್ಲಿ ಒಂದರ ಕೋಡೂ ಕಾಣಲಿಲ್ಲ.

“ಹೋಗಿ ಕೇಳ್ರಿ,” ಎಂದಳು ಸಾವಂತ್ರವ್ವ. “ಕೇಳಿದ್ರ ನಾಲಿಗಿ ಸವೀತೈತೇನು?”

ಮರುದಿನ ಸೋಮನಿಂಗ ಗೊಳಸಂಗಿಯ ಕಟ್ಟೆಯಲ್ಲಿ ಕುಳಿತು, ಮೂರು ಚಹಾ ಕುಡಿದು, ನಾಲ್ಕನೆಯದಕ್ಕೆ ಹೇಳಿದ: “ನಿಮ್ಮೂರ ಎತ್ತಿಂದು ನನಗ ಮರ್ತೈತ್ರಿ.”

ಅಲ್ಲಿದ್ದ ಹಳೆಯ ಗೆಳೆಯ ಚಾಂದಸಾಬ ನಕ್ಕ. “ಹೋದ ವರ್ಸನ ಗೊತ್ತೈತಿ ಬಿಡೋ ಸೋಮ್ಯಾ. ಮುಳವಾಡದ ಹೋರಿಗೆ ಅದರ ತಮ್ಮನ್ನ ಅಪ್ಪನ್ನ ಮಾಡಿದ್ದಿ.”

“ಮತ್ತ ಯಾಕ ಸುಮ್ಮನಿದ್ರಿ?”

“ಹೋರಿನ ಸುಮ್ಮನಿತ್ತು, ನಮಗೇನು?”

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಸೋಮನಿಂಗ ಮೊದಲು ಹಲ್ಲು ಕಡಿದ, ಆಮೇಲೆ ಅವನೂ ನಕ್ಕ, ಆಮೇಲೆ ಅಂಗಿಯ ಕಿಸೆಯಿಂದ ಪೆನ್ನು ತೆಗೆದ. ಜನ ವಂಶಾವಳಿ ಹೇಳಲು ಕುಳಿತರು. ಮಧ್ಯಾಹ್ನದ ಹೊತ್ತಿಗೆ ಒಂದೊಂದು ಎತ್ತಿಗೂ ನಾಲ್ಕು ನಾಲ್ಕು ಅಪ್ಪಂದಿರು ಹುಟ್ಟಿಕೊಂಡು, ಕಟ್ಟೆಯ ಮೇಲೆ ಹೊಡೆದಾಟವೊಂದೇ ಬಾಕಿಯಿತ್ತು. ಅವನು ಯಾರನ್ನೂ ಬಿಡದೆ, ಹೇಳಿದವರ ಹೆಸರು ಸಮೇತ, ಎಲ್ಲವನ್ನೂ ಬರೆದುಕೊಂಡ.