ಕ್ಲಚ್ಚಿಲ್ಲದ ಗಾಡಿ, ಕೂರಲಾರದ ಕಾಕಾ

ಕೆಳಮನೆಯ ಕಾಕಾ ಕೂತರೆ ಅವರ ಬಲಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ಊಟದ ಟೇಬಲ್ಲಿನ ಮೇಲಿನ ಲೋಟಗಳೆಲ್ಲ ಟಣಟಣ. “ಒಂದ್ ತುತ್ತರ ಸಮಾಧಾನದಿಂದ ಉಣ್ರಿ” ಎಂದು ಅವರ ಹೆಂಡತಿ ಕಾಕು ಗದರುವಷ್ಟರಲ್ಲಿ ಮನುಷ್ಯ ಕೈ ತೊಳೆದಾಗಿರುತ್ತಿತ್ತು.

ಎಂಬತ್ತರ ದಶಕದ ಕೊನೆ. ನಾನು ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಎಂವಿಪಿ ಕಾಲೋನಿಯಲ್ಲಿ ಅವರ ಮೇಲಿನ ಮನೆ ನನ್ನದು. ಚಿಕ್ಕಂದಿನ ಪೋಲಿಯೋದಿಂದಾಗಿ ನನ್ನ ಎಡಗಾಲಿಗೆ ಕ್ಲಚ್ ಒತ್ತುವ ಶಕ್ತಿಯಿಲ್ಲ. ನಮ್ಮ ಕಡೆಯವರೇ ಆದ, ಅಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಕಾಕಾ, ವಿದೇಶಿ ತಜ್ಞರೊಬ್ಬರು ಬಿಟ್ಟುಹೋಗುತ್ತಿದ್ದ ಹಳೆಯ ಕಾರನ್ನು ನನಗೆ ಕೊಡಿಸಿದರು. ಅದಕ್ಕೆ ಕ್ಲಚ್ಚೇ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ನನಗಂತೂ ರೆಕ್ಕೆ ಬಂದಂತಾಯಿತು.

ದೂರದ ಕೊಂಡಪಲ್ಲಿ ಶಾಖೆಗೆ ವರ್ಗದ ಆದೇಶ ಬಂದಾಗಲೇ ಅದು ಕೈಕೊಟ್ಟಿತು. ಏರು ಬಂದರೆ ಎಂಜಿನ್ ಬೊಬ್ಬೆ ಹಾಕುತ್ತದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತದೆ. “ಗೇರ್‌ಬಾಕ್ಸ್ ಪೋಯಿಂದಮ್ಮಾ”, ಗೇರ್‌ಬಾಕ್ಸೇ ಹೋಯಿತು, ಗುಜರಿಗೆ ಹಾಕಿಬಿಡಿ ಎಂದ ಮೆಕ್ಯಾನಿಕ್. ಫೋನಿನಲ್ಲಿ ಅಪ್ಪ, “ಸಾಕು, ನೌಕರಿ ಬಿಟ್ಟು ಮನೀಗೆ ಬಾ” ಎಂದರು. ಕಟ್ಟಿದ ಪೆಟ್ಟಿಗೆ ಬಿಚ್ಚುವುದು, ಬಿಚ್ಚಿದ್ದನ್ನು ಕಟ್ಟುವುದು, ನನಗೆ ಇದೇ ಕೆಲಸವಾಯಿತು.

ಕಾಕಾ ಕಾರಿನಡಿ ತೂರಿದರು. ಸೋರುತ್ತಿದ್ದ ಗ್ಯಾಸ್ಕೆಟ್ ಬದಲಿಸಿ, ಗೇರ್‌ಬಾಕ್ಸಿಗೆ ಕೆಂಪು ಎಣ್ಣೆ ಹಾಕಿ, ಎಂಜಿನ್ ಆರಿಸಿ ಅಳತೆಕಡ್ಡಿ ಎಳೆದು “ಭರ್ತಿ ಅದ” ಎಂದರು. ಏರಿನಲ್ಲಿ ಮತ್ತದೇ ಜಾರಾಟ. ಸ್ಪ್ಯಾನರ್ ಬಿಸಾಡಿ ಬೈದರು. ಚಹಾ ಆರುವ ಮೊದಲೇ ಅದನ್ನು ಹೆಕ್ಕಿಕೊಂಡು ಮತ್ತೆ ಬಿಚ್ಚಿದರು.

ಒಂದು ಬೆಳಿಗ್ಗೆ ಬ್ಯಾಟರಿಯೂ ಸತ್ತಿತು. ಇಂಥ ಗಾಡಿಯನ್ನು ತಳ್ಳಿ ಹೊರಡಿಸಲಾಗುವುದಿಲ್ಲ. ಪಕ್ಕದವರ ಕಾರಿನಿಂದ ತಂತಿ ಕೊಟ್ಟು ಎಂಜಿನ್ ಹತ್ತಿಸಿದರು. ಆರಿಸಿದರೆ ಮತ್ತೆ ಹತ್ತಲಿಕ್ಕಿಲ್ಲವೆಂದು, ಓಡುತ್ತಿರುವಾಗಲೇ ಕಡ್ಡಿ ಎಳೆದರು. ತುದಿ ಒಣಗಿತ್ತು!

“ಅಯ್ಯ ನನ್ನ ಕರ್ಮ! ಎಂಜಿನ್ ನಿಂತಾಗ ಎಣ್ಣಿ ಎಲ್ಲಾ ಕೆಳಗಿಳದು ಭರ್ತಿ ಕಾಣ್ತದ. ಇದನ್ನ ಎಂಜಿನ್ ಓಡೂವಾಗನ ನೋಡಬೇಕಿತ್ತು. ಸುಮ್ಮಸುಮ್ನ ನಿನ್ನ ಅಳಿಸಿದೆನಲ್ಲವಾ!”

ಕೊರತೆಯಷ್ಟು ಎಣ್ಣೆ ತುಂಬಿದ ಮೇಲೆ ಕಾರು ಏರು ಹತ್ತಿತು. ನಾನು ಕೊಂಡಪಲ್ಲಿಗೆ ಹೊರಟಾಗ ಜೊತೆಗೆ ಬಂದ ಕಾಕಾ, ಊರು ಹತ್ತಿರವಾಗಿ ಇಂದ್ರಕೀಲಾದ್ರಿ ಬೆಟ್ಟ ಕಂಡದ್ದೇ “ನಿಲ್ಲಸು, ನಂಗ ವಾಪಸ್ ಬಸ್ಸು ಸಿಗ್ತದ” ಎಂದು ಇಳಿದೇಬಿಟ್ಟರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು. ವಿಶಾಖಪಟ್ಟಣದವರೆಗೂ ಅಳುತ್ತಲೇ ಅದೇ ಕಾರು ನಡೆಸಿದೆ. ಬಾಗಿಲಲ್ಲಿ ಕಾಕು ನನ್ನನ್ನು ತಬ್ಬಿಕೊಂಡು ಕೇಳಿದರು: “ಇಷ್ಟು ದೂರ ನಿನ್ನ ಯಾರು ಕರಕೊಂಡು ಬಂದ್ರವಾ?”

“ಕಾಕಾನೇ” ಎಂದೆ.